ಡಿಸಿಎಂನಿಂದ ಈಜಿಪುರದವರೆಗೆ: ಕಟ್ಟಿದ ಮನೆ, ಕೆಡವಿದ ಮನೆ

ದಾವಣಗೆರೆಯಿಂದ ಹಳೇ ಪಿ.ಬಿ. ರಸ್ತೆ ಹಿಡಿದು ಹರಿಹರದ ಕಡೆ ಹೊರಟರೆ ಡಿಸಿಎಂ ಅಂಡರ್‌ಪಾಸು, ಡಿಸಿಎಂ ಟೌನ್‌ಶಿಪ್ಪು ಅಂತ ಬೋರ್ಡುಗಳು ಸಿಗುತ್ತವೆ. ಹೊರಗಿನಿಂದ ಬಂದವರು ಇದು ಯಾವ ಉಪಮುಖ್ಯಮಂತ್ರಿಯ ಹೆಸರಿನ ಬಡಾವಣೆ ಅಂತ ಕೇಳುವುದುಂಟು :) ಉಪಮುಖ್ಯಮಂತ್ರಿಗೂ ಇದಕ್ಕೂ ಸಂಬಂಧವಿಲ್ಲ ಮಾರಾಯ್ರೇ, ಡಿಸಿಎಂ ಅಂದರೆ ದಾವಣಗೆರೆ ಕಾಟನ್ ಮಿಲ್. 1930ರ ದಶಕದಲ್ಲಿ ಶುರುವಾದ ಮಿಲ್ಲು. ಅದರ ಹಿಂದೆ ಇನ್ನಷ್ಟು ಮಿಲ್ಲುಗಳು ಬಂದವು, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುವ ಹೆಸರು ಬಂತು, ಆಮೇಲೆ ಒಂದೊಂದಾಗಿ ಬಾಗಿಲು ಹಾಕಿದವು. ಮಿಲ್ಲಿನ ಸೈರನ್ ನಿಂತು ಎಷ್ಟೋ ವರ್ಷವಾದರೂ ಬಸ್ಸಿನ ಕಂಡಕ್ಟರ್ ಬಾಯಲ್ಲಿ ಅದರ ಹೆಸರು ಮಾತ್ರ ಉಳಿದಿದೆ.

ಅದೇ ಹರಿಹರದ ದಿಕ್ಕಿನಲ್ಲಿ ಕರೂರು ಕೈಗಾರಿಕಾ ಪ್ರದೇಶ ಇದೆ. ಕೆಐಎಡಿಬಿ ಮಾಡಿದ್ದು. ಈ ಎರಡು ಹೆಸರುಗಳ ನಡುವೆ, ಅಂದರೆ ಡಿಸಿಎಂ ಮತ್ತು ಕರೂರುಗಳ ನಡುವೆ, ನಮ್ಮ ರಾಜ್ಯದಲ್ಲಿ ದುಡಿಯುವವರ ಮನೆಯ ಚರಿತ್ರೆಯ ಒಂದು ದೊಡ್ಡ ತುಂಡು ಇದೆ ಅಂತ ನನಗೆ ಅನ್ನಿಸುತ್ತದೆ. ಮಿಲ್ಲಿನ ಕಾಲದಲ್ಲಿ ಕೆಲಸಗಾರ ಎಲ್ಲಿ ಮಲಗುತ್ತಾನೆ ಅನ್ನುವುದು ಮಾಲೀಕನಿಗೂ ತಲೆಬಿಸಿಯ ವಿಷಯವೇ ಆಗಿತ್ತು. ಪಾಳಿ ಬದಲಾಗುವ ಹೊತ್ತಿಗೆ ಜನ ಗೇಟಿನ ಹತ್ತಿರ ಇರಬೇಕಲ್ಲ! ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾದಾಗ ಕಾರ್ಖಾನೆಯ ಜೊತೆಗೆ ಒಂದು ಊರೇ ಬೆಳೆಯಿತು. ಅದರ ಅಂಚೆ ವಿಳಾಸವೇ ಯಂತ್ರಾಪುರ. ಎಂಥಾ ಹೆಸರು ನೋಡಿ... ಲೇತ್ ಯಂತ್ರದ ಹೆಸರಲ್ಲಿ ಒಂದು ಊರು! ಕೆಐಎಡಿಬಿಯ ಕಾಯ್ದೆ ಬಂದದ್ದು 1966ರಲ್ಲಿ. ಅದರ ಲೆಕ್ಕದಲ್ಲಿ ಪ್ಲಾಟು ಹೋಗುವುದು ಕಾರ್ಖಾನೆಗೆ, ಶೆಡ್ಡಿಗೆ, ಯಂತ್ರಕ್ಕೆ. ಯಂತ್ರ ನಡೆಸುವವನು ತನ್ನ ಮನೆ ತಾನೇ ನೋಡಿಕೊಳ್ಳಬೇಕು. ಅವನು ಹಳೇ ಊರಿನಲ್ಲೋ, ಆಜಾದ್ ನಗರದ ಕಡೆಯೋ ಬಾಡಿಗೆಗೆ ಒಂದು ಕೋಣೆ ಹಿಡಿದು ಸೈಕಲ್ಲಿನಲ್ಲಿ, ಈಗ ಬೈಕಿನಲ್ಲಿ, ಓಡಾಡುತ್ತಾನೆ.

ಹಾಗಂತ ಕಂಪನಿ ಮನೆಯೇನು ಸ್ವರ್ಗವಾಗಿರಲಿಲ್ಲ. ಕೆಲಸದ ಜೊತೆ ಬಂದ ಮನೆ ಕೆಲಸದ ಜೊತೆಗೇ ಹೋಗುತ್ತದೆ. ಮೈಸೂರು ಕಿರ್ಲೋಸ್ಕರ್ 2001ರ ಹೊತ್ತಿಗೆ ನಿಂತಿತು. ಅದೇ ವರ್ಷ ಫೆಬ್ರವರಿ 28ಕ್ಕೆ ಕೋಲಾರದ ಚಿನ್ನದ ಗಣಿಯೂ ಮುಚ್ಚಿತು. ಕೆಜಿಎಫ್‌ನಲ್ಲಿ ಗಣಿಯವರು ಕಟ್ಟಿಸಿದ್ದ ಸಾಲುಮನೆಗಳಲ್ಲಿ ಜನ ಗಣಿ ಮುಚ್ಚಿದ ಮೇಲೂ ಉಳಿದರು, ಹೋಗುವುದಾದರೂ ಎಲ್ಲಿಗೆ? ಮೂರು ನಾಲ್ಕು ತಲೆಮಾರು ಹುಟ್ಟಿ ಬೆಳೆದ ಮನೆ. ಆದರೆ ಅದು ಯಾರದ್ದು ಅಂತ ಕೇಳಿದರೆ ತೋರಿಸುವುದಕ್ಕೆ ಕೈಯಲ್ಲಿ ಕಾಗದ ಇರಲಿಲ್ಲ. ಈ ಕಾಗದದ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸರ್ಕಾರ ಈ ಮನೆಯ ವ್ಯವಹಾರಕ್ಕೆ ಕೈ ಹಾಕಿದ್ದು ಯಾವಾಗ ಅಂದರೆ, ನಮ್ಮ ಕಡೆ ಅದಕ್ಕೆ ಜೋರಾಗಿ ನೂಕಿದ್ದು ಪ್ಲೇಗು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಪೇಟೆಯ ಕಿಕ್ಕಿರಿದ ಓಣಿಗಳ ಮೇಲೆ ಎಲ್ಲರ ಕಣ್ಣು ಬಿತ್ತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಆ ದಶಕದವು. 1903ರಲ್ಲಿ ಮೈಸೂರಿನಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬಂತು. ಆದರೆ ಇವೆಲ್ಲ ನಿವೇಶನ ಕೊಂಡು ಮನೆ ಕಟ್ಟಿಸಿಕೊಳ್ಳಬಲ್ಲವರಿಗೆ. ಕಾರ್ಮಿಕನ ಮನೆಗೆಂದೇ ಕಾಯ್ದೆ ಆಗಿದ್ದು 1949ರಲ್ಲಿ, ಮೈಸೂರು ಲೇಬರ್ ಹೌಸಿಂಗ್ ಕಾಯ್ದೆ. 1952ರಲ್ಲಿ ಕೇಂದ್ರ ಸರ್ಕಾರ ಕೈಗಾರಿಕಾ ಕಾರ್ಮಿಕರಿಗೆ ಸಬ್ಸಿಡಿ ಕೊಟ್ಟು ಮನೆ ಕಟ್ಟಿಸುವ ಯೋಜನೆ ತಂದಿತು. ಅದರ ಫಲಾನುಭವಿ ಯಾರು? ಫ್ಯಾಕ್ಟರಿ ಕಾಯ್ದೆಯ ಪ್ರಕಾರ ಯಾರು ಕಾರ್ಮಿಕನೋ ಅವನು. ಹಮಾಲಿ ಆ ಲೆಕ್ಕಕ್ಕಿಲ್ಲ. ಬೀಡಿ ಕಟ್ಟಿಕೊಡುವ ಹೆಂಗಸು ಇಲ್ಲ, ಮಂಡಕ್ಕಿ ಹುರಿಯುವವನೂ ಇಲ್ಲ. ಆಮೇಲೆ 1962ರ ಕಾಯ್ದೆಯಿಂದ ಹೌಸಿಂಗ್ ಬೋರ್ಡು, 1973ರಲ್ಲಿ ಕೊಳಗೇರಿ ಕಾಯ್ದೆ, ಅದರ ಹಿಂದೆಯೇ ಕೊಳಗೇರಿ ನಿರ್ಮೂಲನ ಮಂಡಳಿ, 1976ರಲ್ಲಿ ಬಿಡಿಎ. ಆ ನಿರ್ಮೂಲನ ಮಂಡಳಿ ಈಗ ಅಭಿವೃದ್ಧಿ ಮಂಡಳಿ ಆಗಿದೆ. ಹೆಸರಿನ ಮಟ್ಟಿಗಾದರೂ ಇದು ಒಳ್ಳೆಯ ಬದಲಾವಣೆ ಅನ್ನಿ.

ಕೊಳಗೇರಿ ಕಾಯ್ದೆಯಲ್ಲಿ ಒಂದು ತಮಾಷೆಯ ಸಂಗತಿ ಇದೆ (ತಮಾಷೆ ಅನ್ನುವುದು ಹೊರಗಿನಿಂದ ನೋಡುವವರಿಗೆ). ಒಂದು ಜಾಗ ಕಣ್ಣಿಗೆ ಎಷ್ಟೇ ಕೊಳಗೇರಿಯಂತೆ ಕಂಡರೂ ಸರ್ಕಾರ ಘೋಷಿಸುವ ತನಕ ಅದು ಕೊಳಗೇರಿ ಅಲ್ಲ. ಘೋಷಣೆಯಾದರೆ ಹಕ್ಕುಪತ್ರ, ನಲ್ಲಿ, ಪಕ್ಕಾ ಮನೆಯ ಮಾತು ಶುರುವಾಗುತ್ತದೆ. ಆಗದಿದ್ದರೆ ನೀವು ಬರೀ ಒತ್ತುವರಿದಾರರು. ಅದಕ್ಕೇ ನಮ್ಮ ಎಷ್ಟೋ ಊರುಗಳಲ್ಲಿ ಜನ ತಾವಿರುವ ಕಡೆಯನ್ನು ಸ್ಲಂ ಅಂತ ಘೋಷಿಸಿ ಅಂತ ತಾವೇ ಅರ್ಜಿ ಹಿಡಿದು ಓಡಾಡುತ್ತಾರೆ. ಬೈಗುಳದ ಹಾಗೆ ಕೇಳುವ ಪದ ಅವರಿಗೆ ರಕ್ಷಣೆ.

ಇಷ್ಟು ಪೀಠಿಕೆ ಆದ ಮೇಲೆ ಈಜಿಪುರಕ್ಕೆ ಬರೋಣ. ದಾವಣಗೆರೆಯ ಮಾತಿನಿಂದ ಬೆಂಗಳೂರಿಗೆ ಯಾಕೆ ಹಾರಿದೆ ಅಂದರೆ, ಸರ್ಕಾರ ತಾನೇ ಬಡವರಿಗೆ ಕಟ್ಟಿದ ಮನೆಗಳನ್ನು ತಾನೇ ಕೆಡವಿ ಮತ್ತೆ ಕಟ್ಟುತ್ತೇನೆ ಅಂತ ಹೊರಟ ಪ್ರಕರಣಗಳಲ್ಲಿ ಕರ್ನಾಟಕದಲ್ಲಿ ಇದರಷ್ಟು ಕಲಿಸುವಂಥದ್ದು ನನಗೆ ಬೇರೆ ಗೊತ್ತಿಲ್ಲ.

ಕೋರಮಂಗಲದ ಪಕ್ಕ, ಈಜಿಪುರದಲ್ಲಿ ಬಿಡಿಎ 1990ರ ದಶಕದ ಶುರುವಿನಲ್ಲಿ ಆರ್ಥಿಕವಾಗಿ ಹಿಂದುಳಿದವರಿಗೆಂದು ಮನೆ ಕಟ್ಟಿಸಿತು. 42 ಬ್ಲಾಕು, 1,512 ಮನೆ. ಒಂದು ಬ್ಲಾಕಿಗೆ 36 ಮನೆ ಬಿತ್ತು. ಜನರ ಬಾಯಲ್ಲಿ ಅದು ಇಡಬ್ಲ್ಯುಎಸ್ ಕ್ವಾರ್ಟರ್ಸ್. ಕಟ್ಟಿದ ಮೇಲೆ ಬಿಡಿಎ ಅದನ್ನು ನಗರಪಾಲಿಕೆಯ ಕೈಗೆ ಕೊಟ್ಟಿತು. ಹೀಗೆ ಕಟ್ಟಿದವರೊಬ್ಬರು ನೋಡಿಕೊಳ್ಳುವವರೊಬ್ಬರು ಆದಾಗ ಏನಾಗುತ್ತದೆ ಅಂತ ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ನಾನು ಹೇಳಬೇಕಾಗಿಲ್ಲ. ಸಂಪು, ಮೋಟರು, ಕಕ್ಕಸಿನ ಪೈಪು, ಮೆಟ್ಟಿಲಿನ ದೀಪ... ಮಧ್ಯಮ ವರ್ಗದವರು ತಿಂಗಳಿಗಿಷ್ಟು ಅಂತ ಮೇಂಟೆನೆನ್ಸ್ ಹಾಕಿಕೊಂಡು ಜಗಳವಾಡುತ್ತಾ ಹೇಗೋ ನಡೆಸುತ್ತಾರೆ. ಮನೆಗೆಲಸ, ಗಾರೆ ಕೆಲಸ, ಪೌರಕಾರ್ಮಿಕರ ಕೆಲಸ ಮಾಡುವ ಮನೆಗಳಲ್ಲಿ ಆ ದುಡ್ಡು ಎಲ್ಲಿಂದ ಹುಟ್ಟಬೇಕು? ಮೇಲಾಗಿ ಕಟ್ಟಡದ ಗುಣಮಟ್ಟವೇ ಕಳಪೆ ಅನ್ನುವ ದೂರು. 2003ರಲ್ಲಿ ಒಂದು ಬ್ಲಾಕು ಕುಸಿಯಿತು. ಕಟ್ಟಿ ಹನ್ನೆರಡು ಹದಿಮೂರು ವರ್ಷ ಕೂಡ ಸರಿಯಾಗಿ ಆಗಿರಲಿಲ್ಲ! ಮುಂದಿನ ವರ್ಷಗಳಲ್ಲಿ ಉಳಿದವನ್ನೂ ಅಪಾಯಕಾರಿ ಅಂತ ಕೆಡವುತ್ತಾ ಹೋದರು. ಅಲ್ಲಿದ್ದವರು ಅದೇ ಜಾಗದಲ್ಲಿ ತಗಡಿನ ಶೆಡ್ಡುಗಳಿಗೆ ಇಳಿದರು. ಹೊಸ ಮನೆ ಆಗುವ ತನಕ ಅಂತ. ಆ 'ತನಕ' ವರ್ಷಗಟ್ಟಲೆ ಎಳೆಯಿತು.

ಮತ್ತೆ ಕಟ್ಟುವುದಕ್ಕೆ ಪಾಲಿಕೆ ಆರಿಸಿಕೊಂಡ ದಾರಿ ಖಾಸಗಿ ಪಾಲುದಾರಿಕೆ. ಮೇವರಿಕ್ ಹೋಲ್ಡಿಂಗ್ಸ್ ಅನ್ನುವ ಕಂಪನಿಯ ಜೊತೆ ಒಪ್ಪಂದ. ಲೆಕ್ಕ ಸರಳ: ಜಾಗದಲ್ಲಿ ಸುಮಾರು ಅರ್ಧಕ್ಕೆ ಬಡವರ ಮನೆ ಕಟ್ಟಿಕೊಡಿ, ಇನ್ನರ್ಧದಲ್ಲಿ ನೀವು ಮಾಲೋ ಇನ್ನೊಂದೋ ಕಟ್ಟಿ ದುಡ್ಡು ಮಾಡಿಕೊಳ್ಳಿ. ಸರ್ಕಾರದ ಕೈಯಿಂದ ಕಾಸು ಬಿಚ್ಚುವ ಹಾಗಿಲ್ಲ. ಯೋಜನಾ ತಜ್ಞರು ಇದಕ್ಕೆ ಕ್ರಾಸ್ ಸಬ್ಸಿಡಿ ಅನ್ನುತ್ತಾರೆ. 2015ರಲ್ಲಿ ಬಂದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಾಲ್ಕು ದಾರಿಗಳಲ್ಲಿ ಒಂದು ಇದೇ ಸೂತ್ರದ್ದು: ಕೊಳಗೇರಿಯ ನೆಲವನ್ನೇ ಬಂಡವಾಳ ಮಾಡಿಕೊಂಡು ಅಲ್ಲೇ ಮನೆ ಕಟ್ಟುವುದು.

ಈಗ ನಾನು ಒಂದು ಕೂಡು-ಕಳೆ ಮಾಡಿ ನೋಡಿದೆ, ನೀವೂ ಮಾಡಿ. ಈಜಿಪುರದಲ್ಲಿ ಯೋಜನೆಯ ಜಾಗ 15 ಎಕರೆಗೆ ಕಡಿಮೆ ಇರಲಿಲ್ಲ. 15 ಅಂತಲೇ ಹಿಡಿದರೆ ಎಕರೆಗೆ 43,560ರಂತೆ 6,53,400 ಚದರಡಿ. ಅದನ್ನು 1,512 ಮನೆಗೆ ಹಂಚಿದರೆ ಒಂದು ಮನೆಯ ಪಾಲಿಗೆ 432 ಚದರಡಿ ನೆಲ. ಕೋರಮಂಗಲದ ನೆಲ! ಎದುರು ಬದುರಿನಲ್ಲೇ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ವಸತಿ ಸಮುಚ್ಚಯ ಇದೆ, ಸುತ್ತಮುತ್ತ ಸಾಫ್ಟ್‌ವೇರ್ ದುಡ್ಡು ಹರಿದಾಡುತ್ತಿದೆ. ಅರ್ಧ ಜಾಗ ಬಿಟ್ಟುಕೊಟ್ಟರೆ ಪ್ರತಿ ಮನೆಯವರೂ 216 ಚದರಡಿ ಬಿಟ್ಟುಕೊಟ್ಟ ಹಾಗಾಯಿತು. ಸರ್ಕಾರದ ಭಾಷೆಯಲ್ಲಿ ಅವರಿಗೆ ಮನೆ 'ಉಚಿತ'. ನನ್ನ ಲೆಕ್ಕದಲ್ಲಿ ಅವರು ಆ ಬಡಾವಣೆಯ ಪೈಕಿ ಬಹಳ ದುಬಾರಿ ಬೆಲೆ ತೆತ್ತವರು. ನೆಲ ಕಾಗದದ ಮೇಲೆ ಪಾಲಿಕೆಯದ್ದು, ನಿಜ. ಆದರೆ ಬಡವರಿಗೆಂದೇ ಎತ್ತಿಟ್ಟ ನೆಲ ತಾನೇ.

2013ರ ಜನವರಿ 18. ಹೈಕೋರ್ಟಿನ ಆದೇಶ ಇದೆ ಅಂತ ಹೇಳಿ ಪಾಲಿಕೆಯವರು ಪೊಲೀಸರ ಜೊತೆ ಜೆಸಿಬಿ ತಂದರು. ಮೂರು ನಾಲ್ಕು ದಿನದಲ್ಲಿ ಶೆಡ್ಡುಗಳೆಲ್ಲ ನೆಲಸಮ. ಸಾವಿರಕ್ಕೂ ಹೆಚ್ಚು ಕುಟುಂಬ ಬೀದಿಗೆ ಬಿತ್ತು. ಬಹುಪಾಲು ದಲಿತರು, ಮುಸ್ಲಿಮರು, ತಮಿಳು ಮಾತಾಡುವ ಕ್ರೈಸ್ತರು. ಪ್ರತಿಭಟಿಸಿದ ಹೆಂಗಸರನ್ನು ಪೊಲೀಸರು ಹಿಡಿದೊಯ್ದರು. ಮಕ್ಕಳ ಪರೀಕ್ಷೆ ಹತ್ತಿರವಿದ್ದ ಕಾಲ. ಪತ್ರಿಕೆಗಳಲ್ಲಿ ನಾಲ್ಕು ದಿನ ಸುದ್ದಿಯಾಯಿತು, ನಾಗರಿಕ ಹಕ್ಕು ಸಂಘಟನೆಗಳು ವರದಿ ಬರೆದವು. ಹೊರಹಾಕಿದ ಜಾಗದ ಸುತ್ತ ತಗಡಿನ ಬೇಲಿ ಎದ್ದಿತು. ಹಲವು ಕುಟುಂಬಗಳು ಆ ಬೇಲಿಗೇ ಒರಗಿಸಿ ಪ್ಲಾಸ್ಟಿಕ್ ಹೊದಿಸಿಕೊಂಡು ಫುಟ್‌ಪಾತಿನಲ್ಲಿ ಬಹಳ ಕಾಲ ಬದುಕಿದವು. ಯಾಕೆ ಅಲ್ಲೇ ಅಂದರೆ, ಹೆಂಗಸರು ಕೆಲಸ ಮಾಡುತ್ತಿದ್ದ ಮನೆಗಳು ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ದೂರದಲ್ಲಿ ಮನೆ ಕೊಟ್ಟರೆ ಬಸ್ಸಿನ ಚಾರ್ಜಿಗೇ ಸಂಬಳದಲ್ಲಿ ಒಂದು ಪಾಲು ಹೋಗುತ್ತದೆ. ಬೆಳಿಗ್ಗೆ ಆರಕ್ಕೆ ಪಾತ್ರೆಗೆ ಬರಲಾಗದವಳನ್ನು ಯಾವ ಮನೆಯವರೂ ಇಟ್ಟುಕೊಳ್ಳುವುದಿಲ್ಲ.

ಇದರಲ್ಲಿ ಬಿಲ್ಡರ್ ಯಾರು, ಮೇಯರ್ ಯಾರು ಅನ್ನುವುದಕ್ಕಿಂತ ನನ್ನನ್ನು ಕಾಡಿದ್ದು ಒಂದು ಪದ: 'ಮೂಲ ಮಂಜೂರಾತಿದಾರರು'. ಹೊಸ ಮನೆ ಯಾರಿಗೆ? ಮೂಲ ಮಂಜೂರಾತಿದಾರರಿಗೆ. ಅಂದರೆ ಇಪ್ಪತ್ತು ವರ್ಷದ ಹಿಂದೆ ಬಿಡಿಎ ಯಾರ ಹೆಸರಿಗೆ ಕೊಟ್ಟಿತ್ತೋ ಅವರಿಗೆ. 2013ರಲ್ಲಿ ಶೆಡ್ಡಿನಲ್ಲಿದ್ದವರಲ್ಲಿ ಬಹಳಷ್ಟು ಜನ ಬಾಡಿಗೆಯವರು, ಇಲ್ಲವೇ ಜಿಪಿಎ ಮೇಲೆ ದುಡ್ಡು ಕೊಟ್ಟು ಕೊಂಡವರು. ಪಟ್ಟಿಯಲ್ಲಿ ಹೆಸರಿಲ್ಲ, ಹಾಗಾಗಿ ಅವರು ಇಲ್ಲ. ಹತ್ತು ಹದಿನೈದು ವರ್ಷದಿಂದ ಅಲ್ಲೇ ರೇಷನ್ ಕಾರ್ಡು, ವೋಟರ್ ಐಡಿ ಇಟ್ಟುಕೊಂಡವರೂ ಇಲ್ಲ!

"ಸರ್ಕಾರ ಕೊಟ್ಟ ಮನೆ ಮಾರಿಕೊಂಡರೆ ಇನ್ನೇನಾಗುತ್ತೆ" ಅನ್ನುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಒಂದು ನಿಮಿಷ ಯೋಚಿಸಿ. ಮನೆಯಲ್ಲಿ ಒಂದು ಆಪರೇಷನ್, ಒಂದು ಮದುವೆ, ಗಂಡನ ಸಾವು. ಅವರ ಹತ್ತಿರ ಇದ್ದ ಒಂದೇ ಒಂದು ಆಸ್ತಿ ಆ ಮನೆ. ಕಾನೂನಿನಂತೆ ಮಾರುವ ಹಾಗಿಲ್ಲ, ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ಎತ್ತುವ ಹಾಗೂ ಇಲ್ಲ. ಉಳಿದದ್ದು ಇಪ್ಪತ್ತು ರೂಪಾಯಿ ಛಾಪಾ ಕಾಗದದ ವ್ಯವಹಾರ. ಮಾರಿದವರು ಇನ್ನೂ ಅಗ್ಗದ ಕಡೆ ಹೋದರು, ಕೊಂಡವರೂ ಅವರಷ್ಟೇ ಬಡವರು. ಮನೆ ಬಡವರ ಕೈಯಿಂದ ಬಡವರ ಕೈಗೇ ಹೋಯಿತು. ಪಾಲಿಕೆಯ ಪುಸ್ತಕದಲ್ಲಿ ಮಾತ್ರ ಅದು ಅಕ್ರಮ. ಇದೇ ಮಾತನ್ನು ಮಧ್ಯಮ ವರ್ಗದ ರೆವಿನ್ಯೂ ಸೈಟುಗಳಿಗೆ ಯಾರೂ ಹೇಳುವುದಿಲ್ಲ. ಅಲ್ಲಿ 'ಅಕ್ರಮ-ಸಕ್ರಮ' ಅಂತ ಒಂದು ಚಂದದ ಪದವೇ ಇದೆ.

ಮುಂಬೈಯವರು ಇದನ್ನು ಬೇರೆ ಥರ ಮಾಡಿದ್ದಾರೆ. ಅಲ್ಲಿನ ಬಿಡಿಡಿ ಚಾಳುಗಳು 1920ರ ದಶಕದಲ್ಲಿ ಬ್ರಿಟಿಷ್ ಸರ್ಕಾರದ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಗಿರಣಿ ಕಾರ್ಮಿಕರಿಗೆ ಕಟ್ಟಿಸಿದ್ದು. ವರಳಿ, ನಾಯ್ಗಾಂವ್, ಎನ್.ಎಂ. ಜೋಶಿ ಮಾರ್ಗ, ಶಿವಡಿ ಎಲ್ಲ ಸೇರಿ 207 ಕಟ್ಟಡ. ಒಂದೊಂದು ಖೋಲಿ 160 ಚದರಡಿ, ಮಹಡಿಗೆಲ್ಲ ಸೇರಿ ಹಂಚಿಕೊಳ್ಳುವ ಕಕ್ಕಸು. ನೂರು ವರ್ಷ ತಾಳಿದವು, ನಮ್ಮ ಈಜಿಪುರ ಹದಿನೈದು ತಾಳಲಿಲ್ಲ! 2017ರಲ್ಲಿ ಪುನರಾಭಿವೃದ್ಧಿಗೆ ಭೂಮಿಪೂಜೆ ಆಯಿತು. ಖೋಲಿಗೆ ಬದಲು 500 ಚದರಡಿಯ ಸ್ವಂತ ಫ್ಲ್ಯಾಟು, ಕಟ್ಟಿಸುವ ಹೊಣೆ ಸರ್ಕಾರದ್ದೇ ಸಂಸ್ಥೆಯಾದ ಮ್ಹಾಡಾದ್ದು. ವರಳಿಯಲ್ಲಿ ಮೊದಲ 556 ಕುಟುಂಬಕ್ಕೆ ಬೀಗದ ಕೈ ಸಿಕ್ಕಿದ್ದು 2025ರ ಆಗಸ್ಟ್‌ನಲ್ಲಿ. ಎಂಟು ವರ್ಷ! ಅಲ್ಲೂ ಉಳಿದ ನೆಲದ ಮೇಲೆ ಮಾರಾಟದ ಕಟ್ಟಡ ಎತ್ತಿಯೇ ಖರ್ಚು ಸರಿದೂಗಿಸುವುದು. ಆದರೂ ಒಂದು ವ್ಯತ್ಯಾಸ ಇದೆ. ಚಾಳಿನವರು ತಲೆಮಾರುಗಳಿಂದ ಸರ್ಕಾರದ ಬಾಡಿಗೆದಾರರು, ಕೈಯಲ್ಲಿ ರಸೀದಿ ಇದೆ, ಹಿಂದೆ ಯೂನಿಯನ್ನು-ಗಣೇಶೋತ್ಸವ ಮಂಡಳಿ ಎಲ್ಲ ಕಟ್ಟಿ ಪಳಗಿದ ಒಗ್ಗಟ್ಟು ಇದೆ. ಮಾತುಕತೆಗೆ ಕೂತಾಗ ಅವರು 'ಇದ್ದಾರೆ'.

ಇನ್ನು ಅಮೆರಿಕದ ಸೇಂಟ್ ಲೂಯಿಸ್‌ನ ಪ್ರುಯಿಟ್-ಐಗೊ ಕತೆ ವಾಸ್ತುಶಿಲ್ಪ ಓದಿದವರಿಗೆಲ್ಲ ಗೊತ್ತು. 1950ರ ದಶಕದಲ್ಲಿ ಬಡವರಿಗೆ ಕಟ್ಟಿದ 11 ಮಹಡಿಯ 33 ಕಟ್ಟಡ. 1972ರಲ್ಲಿ ಸಿಡಿಮದ್ದು ಇಟ್ಟು ಉರುಳಿಸತೊಡಗಿದರು. ಎತ್ತರದ ಕಟ್ಟಡದ ವಿನ್ಯಾಸವೇ ತಪ್ಪು ಅಂತ ಬಹಳ ಜನ ಬರೆದರು. ಆದರೆ ಅಲ್ಲಿ ಲಿಫ್ಟು, ಬಾಯ್ಲರ್ ರಿಪೇರಿಗೆ ಬರಬೇಕಿದ್ದ ದುಡ್ಡು ಬಾಡಿಗೆಯಿಂದಲೇ ಬರಬೇಕಿತ್ತು. ಊರಿನ ಜನಸಂಖ್ಯೆ ಕರಗುತ್ತಾ, ಕೆಲಸಗಳು ಹೊರಗೆ ಹೋಗುತ್ತಾ ಬಾಡಿಗೆ ಕೊಡುವವರೇ ಕಡಿಮೆಯಾದರು. ಮಿಲ್ಲು ಮುಚ್ಚಿದ ಊರಿನ ನಮಗೆ ಇದು ಬೇಗ ಅರ್ಥವಾಗುತ್ತದೆ.

ಈಗ ಮತ್ತೆ ದಾವಣಗೆರೆಗೆ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿ ಬಂದಾಗ ಅದರಲ್ಲಿ ನಮ್ಮೂರು ಇತ್ತು. ಆ ಪ್ರಸ್ತಾವನೆಯಲ್ಲಿ ರಸ್ತೆ, ಕ್ಯಾಮೆರಾ, ಬಸ್ ನಿಲ್ದಾಣಗಳ ಜೊತೆ ಮಂಡಕ್ಕಿ ಭಟ್ಟಿ ಪ್ರದೇಶದ ಪುನರಾಭಿವೃದ್ಧಿಯೂ ಸೇರಿತ್ತು. ಮಿಷನ್ನಿನ ಅವಧಿ 2025ರ ಮಾರ್ಚಿಗೆ ಮುಗಿದಿದೆ. ಭಟ್ಟಿಯ ಜನರ ಪ್ರಶ್ನೆ ಮುಗಿಯುವಂಥದ್ದಲ್ಲ.

ಮಂಡಕ್ಕಿ-ಮೆಣಸಿನಕಾಯಿ ತಿನ್ನುವ ನಮಗೆಲ್ಲ ಮಂಡಕ್ಕಿ ಹೇಗೆ ಆಗುತ್ತದೆ ಅಂತ ಗೊತ್ತಿರಬೇಕು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪು ಬೆರೆಸಿ, ಕಾದ ಮರಳಿನಲ್ಲಿ ಹುರಿಯಬೇಕು. ಒಣಗಿಸುವುದಕ್ಕೆ ಅಂಗಳ ಬೇಕು. ಚೀಲ ಇಡುವುದಕ್ಕೆ ಜಾಗ ಬೇಕು. ಒಲೆಯ ಮುಂದೆ ಕೂತವನಿಗೆ ಬಿಸಿ, ಹೊಗೆ, ದೂಳು. ಮೈಯೆಲ್ಲ ಮಸಿ. ಆ ಹೊಗೆ ಸುತ್ತಲಿನ ಮಕ್ಕಳ ಎದೆಗೂ ಹೋಗುತ್ತದೆ, ಹಾಗಾಗಿ ಇದ್ದದ್ದು ಇದ್ದ ಹಾಗೇ ಇರಲಿ ಅಂತ ಹೇಳುವ ಧೈರ್ಯ ನನಗಿಲ್ಲ. ಆದರೆ ಅಲ್ಲಿ ಮನೆ ಬೇರೆ, ಕೆಲಸದ ಜಾಗ ಬೇರೆ ಅಂತ ಗೆರೆ ಎಳೆಯುವುದು ಕಷ್ಟ. ಹೆಂಗಸರು ಅಡಿಗೆ ಮಾಡುತ್ತಾ ಭತ್ತ ತಿರುವುತ್ತಾರೆ. ಇವರಿಗೆ ಮೂರನೇ ಮಹಡಿಯಲ್ಲಿ ಒಂದು ಹಾಲು, ಒಂದು ಬೆಡ್‌ರೂಮಿನ ಫ್ಲ್ಯಾಟು ಕೊಟ್ಟರೆ ಭತ್ತ ಎಲ್ಲಿ ಒಣಗಬೇಕು? ಭಟ್ಟಿಗಳನ್ನು ಒಟ್ಟಾಗಿ ಊರ ಹೊರಗೆ, ಕರೂರಿನಂಥ ಕಡೆ ಶೆಡ್ಡುಗಳಿಗೆ ಸಾಗಿಸಬಹುದು. ಆಗ ಶೆಡ್ಡು ಮಂಜೂರಾಗುವುದು ಭಟ್ಟಿಯ ಮಾಲೀಕನಿಗೆ. ಮನೆ ಸಿಗುವುದು ಆ ನೆಲದಲ್ಲಿ ಹಕ್ಕುಪತ್ರ ಇರುವವನಿಗೆ. ದಿನಗೂಲಿಗೆ ಹುರಿಯುವವನು ಮಾಲೀಕನೂ ಅಲ್ಲ, ಹಕ್ಕುಪತ್ರದವನೂ ಅಲ್ಲ, ಅಲ್ಲೇ ಭಟ್ಟಿಯ ಪಕ್ಕದ ಕೋಣೆಯಲ್ಲಿ ಬಾಡಿಗೆಗೆ ಇರುವವನು. 1952ರ ಯೋಜನೆಯಲ್ಲಿ ಕಾರ್ಮಿಕ ಅಂತ ಅವನ ಅಜ್ಜನ ಹೆಸರು ಇರಲಿಲ್ಲ. ಈ ಸಲ ಸರ್ವೆಯವರು ಮನೆ ಬಾಗಿಲಿಗೆ ಬಂದಾಗ ಅವರ ಫಾರಂನಲ್ಲಿ ಬಾಡಿಗೆದಾರ ಅನ್ನುವ ಕಾಲಂ ಇರುತ್ತದೋ ಇಲ್ಲವೋ, ಮೊದಲು ಅದನ್ನು ನೋಡಬೇಕು.